ಒಂದೇ ಫೋನು, ಇಬ್ಬರು ಮಕ್ಕಳು

ಸರದಿ ಕಾಯುವುದನ್ನು, ಎದುರಿನವರತ್ತ ನೋಡುವುದನ್ನು ಕಲಿಸಲು ಆಟಿಸಂ ಇರುವ ಮಕ್ಕಳ ಕೈಗೆ ಮೊಬೈಲ್ ಕೊಡುತ್ತೇನೆ ಎಂದಾಗ ಜೊತೆಯ ಥೆರಪಿಸ್ಟ್‌ಗಳೇ ಮುಖ ಸಿಂಡರಿಸಿದ್ದರು. ಅವರಲ್ಲಿ ಇಬ್ಬರು ಈಚೆಗೆ ನನ್ನ ತರಗತಿಯಲ್ಲಿ ಇಡೀ ಬೆಳಗ್ಗೆ ಕುಳಿತು ನೋಡಿ ಹೋದರು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ದುಡ್ಡು ನೀರಿನಂತೆ ಹರಿಯಿತು. ಎರಡು ಟ್ಯಾಬ್‌ಗೆ ಹೆಚ್ಚೂಕಡಿಮೆ 22 ಸಾವಿರ, ಮುಖಭಾವ ಗುರುತಿಸುವ ಆ್ಯಪ್‌ಗಳಿಗೆ ಮತ್ತೆ ನಾಲ್ಕೈದು ಸಾವಿರ. ಏಳು ವರ್ಷದ ಹುಡುಗನೊಬ್ಬ ಹದಿನೈದೇ ದಿನದಲ್ಲಿ ಎಲ್ಲ ಮುಖಗಳಿಗೂ ಸರಿಯುತ್ತರ ಒತ್ತತೊಡಗಿದ. ಪಕ್ಕದ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ತಲೆಯೆತ್ತಲಿಲ್ಲ. ಅಂದೇ ಟ್ಯಾಬ್‌ಗಳು ಬೀರು ಸೇರಿದವು.

ದಾರಿ ಸಿಕ್ಕಿದ್ದು ಲೂಡೋ ಕಿಂಗ್ ಎಂಬ ಮೊಬೈಲ್ ಆಟದಲ್ಲಿ, ಅದೂ ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವ ಬಗೆಯಲ್ಲಿ. ಯಾರ ಸರದಿಯೋ ಅವರ ಮೂಲೆಗೆ ದಾಳ ಹೋಗುತ್ತದೆ. "ಈಗ ಅವಳದು" ಎಂದು ನಾನು ನೂರು ಸಲ ಹೇಳಿದರೂ ಒಪ್ಪದವರು ದಾಳದ ಮಾತನ್ನು ಕೇಳಿದರು. ಆದರೆ ಕಲಿಕೆ ನಡೆಯುವುದು ಪರದೆಯ ಹೊರಗೆ. ಫೋನನ್ನು ಮೇಜಿನ ಮೇಲೆ ಇಡುವಂತಿಲ್ಲ, ನಾನು ಎತ್ತಿ ಕೊಡುವಂತಿಲ್ಲ. ಆಡಿದ ಮಗುವೇ ಚಾಚಬೇಕು, ಎದುರಿನ ಮಗು ಹಿಡಿಯುವವರೆಗೆ ಬಿಡಬಾರದು. ಹಿಡಿದದ್ದು ತಿಳಿಯಬೇಕಾದರೆ ಆ ಕಡೆ ನೋಡಲೇಬೇಕು. ಕಣ್ಣಿಗೆ ಕಣ್ಣು ಕೂಡಿಸು ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಕೈಯನ್ನು ನೋಡಿದರೂ ಸಾಕು.

ಎರಡನೆಯ ವಾರ ಆಟದ ನಡುವೆ ಜಾಹೀರಾತು ಅಬ್ಬರಿಸಿತು. ಫೋನು ಗೋಡೆಗೆ ಬಿತ್ತು, ಪರದೆಗೆ 1,800 ರೂಪಾಯಿ ಹೋಯಿತು. ಅಂದಿನಿಂದ ನೆಟ್ ಬಂದ್, ಸದ್ದು ಬಂದ್, ಆಟ ಬಿಟ್ಟು ಬೇರೆ ಆ್ಯಪ್‌ಗೆ ಹೋಗದಂತೆ ಸ್ಕ್ರೀನ್ ಪಿನ್ ಕಡ್ಡಾಯ. ಅದಕ್ಕಿಂತ ಕಾಡಿದ್ದು ಆರು. ಆರು ಬಿದ್ದವರಿಗೆ ಮತ್ತೊಂದು ಸರದಿ ಬರುತ್ತದಲ್ಲ, ಕೈ ಚಾಚಿ ಕಾಯುತ್ತಿದ್ದ ಮಗುವಿಗೆ ಅದು ಮೋಸವೆನಿಸಿ ಕಿರುಚಾಟ. ಆರು ಚುಕ್ಕಿಯ ಚೀಟಿಯೊಂದನ್ನು ಫೋನಿನ ಬೆನ್ನಿಗೆ ಅಂಟಿಸಿದೆ. ಆರು ಬಿದ್ದಾಗ ಆಡುವ ಮಗು ಅದನ್ನು ತಿರುಗಿಸಿ ತೋರಿಸಬೇಕು. ಒಂದು ವಾರದಲ್ಲಿ ಕಿರುಚಾಟ ನಿಂತಿತು. ನಾಲ್ಕು ಕಾಯಿಯೂ ಮನೆ ಸೇರುವಷ್ಟು ತಾಳ್ಮೆ ಯಾರಿಗೂ ಇಲ್ಲ, ಮೊದಲ ಕಾಯಿಗೇ ಆಟ ಮುಗಿಸುತ್ತೇನೆ. ಕಾಯಿ ಕಡಿದಾಗ ಏಳುವ ರಂಪಕ್ಕೆ ನನ್ನದೇ ಒಂದು ಮದ್ದಿದೆ. ಅದನ್ನು ಬರೆಯುವುದಿಲ್ಲ, ಬಂದು ಕುಳಿತವರಿಗೆ ತೋರಿಸುತ್ತೇನೆ.

ನಾಲ್ಕು ತಿಂಗಳ ನಂತರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆ. ಫೋನಿನ ಬದಲು ನಾಲ್ಕು ಕವಡೆ. ದಾಳ ತಾನಾಗಿ ಮೂಲೆಗೆ ಹೋಗುವುದಿಲ್ಲ, ಸರದಿಯನ್ನು ಮಕ್ಕಳೇ ನೆನಪಿಡಬೇಕು. ಆರು ಮಕ್ಕಳಲ್ಲಿ ಮೂವರು ಫೋನಿನಿಂದ ಕವಡೆಗೆ ದಾಟಿದರು. ಮುಖಗಳ ಆ್ಯಪ್ ಆಡುತ್ತಿದ್ದ ಅದೇ ಹುಡುಗ ಕವಡೆಗಳನ್ನು ಮುಷ್ಟಿಯಲ್ಲಿ ಹಿಡಿದು, ಎದುರಿನವಳ ಅಂಗೈ ತೆರೆಯುವವರೆಗೆ ಕಾದು, ಒಂದೂ ಬೀಳದಂತೆ ಸುರಿದ. ಅಂದು ಅವನ ತಾಯಿ ಬಾಗಿಲಲ್ಲೇ ನಿಂತಿದ್ದರು. ಇನ್ನೊಬ್ಬ ಹುಡುಗಿಗೆ ಕವಡೆಗಳನ್ನು ಸಾಲಾಗಿ ಜೋಡಿಸುವುದೇ ಇಷ್ಟ. ಜೋಡಿಸಲಿ ಎಂದು ಬಿಟ್ಟಿದ್ದೇನೆ. ಮೊನ್ನೆ ಆ ಸಾಲಿಗೆ ಬೇರೆ ಮಗುವೊಂದು ಕವಡೆ ಸೇರಿಸಿತು, ಅವಳು ತಳ್ಳಲಿಲ್ಲ.