ಆರನೆಯ ಬಿಲ್ಲೆ

ಲ್ಯಾಬಿನ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬಿಲ್ಲೆ ಆರು ಇದ್ದವು, ಸೀಸದ ಡಬ್ಬಿಯಲ್ಲಿ ಐದೇ. 2019ರ ಬೇಸಿಗೆ ರಜೆ. ಧಾರವಾಡದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಹಳೇ ಸಾಮಾನು ಹರಾಜಿಗೆ ಹಾಕಲು ಪಟ್ಟಿ ಮಾಡುವ ಕೆಲಸ ನನಗೆ ಬಿದ್ದಿತ್ತು. ಹುಬ್ಬಳ್ಳಿಯ ಗುಜರಿಯವರು ಒಂದು ಸಲ ಬಂದು ನೋಡಿಯೂ ಹೋಗಿದ್ದರು.

ವಿಕಿರಣ ಎಣಿಸುವ ಜಿಎಂ ಕೌಂಟರ್ ಪ್ರಯೋಗಕ್ಕೆಂದು 1989ರಲ್ಲಿ ತರಿಸಿದ ವಿಕಿರಣದ ಬಿಲ್ಲೆಗಳು ಅವು. ರೂಪಾಯಿ ನಾಣ್ಯದಷ್ಟಗಲದ ಪ್ಲಾಸ್ಟಿಕ್. ಕಾಣೆಯಾದದ್ದು ಸೀಸಿಯಂ-137 ಎಂಬ ವಿಕಿರಣ ವಸ್ತುವಿನದು, ತಂದಾಗ ಅದರ ವಿಕಿರಣದ ಬಲ 5 ಮೈಕ್ರೋಕ್ಯೂರಿ. "ಮೂವತ್ತ್ ವರ್ಷ ಆತ್ರೀ ಸರ, ಅದರಾಗ ಇನ್ನೇನ್ ಉಳದಿರ್ತೈತಿ?" ಅಂದರು ಕ್ಲಾರ್ಕ್. ಕೋಬಾಲ್ಟ್-60 ಆಗಿದ್ದರೆ ಅವರ ಮಾತು ಹೆಚ್ಚುಕಡಿಮೆ ಸರಿ. ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 5.27 ವರ್ಷ, ಐವತ್ತರಲ್ಲಿ ಒಂದು ಪಾಲು ಉಳಿದಿರುತ್ತಿತ್ತು. ಸೀಸಿಯಂನದು 30 ವರ್ಷ. ಅರ್ಧ ಹಾಗೇ ಇತ್ತು.

ನಿವೃತ್ತರಾಗಿ ಗದಗಿನಲ್ಲಿರುವ ನಮ್ಮ ಅಟೆಂಡರ್ ಕಾಕಾಗೆ ಫೋನ್ ಮಾಡಿದೆ. "ಪ್ರ್ಯಾಕ್ಟಿಕಲ್ ಪರೀಕ್ಷಾದಾಗ ಡಬ್ಬಿ ಮುಚ್ಚಳಾ ಸಿಕ್ಕೊಂಡಿತ್ರೀ ಸರ. ಯಾವ್ದೋ ಕಪಾಟಿನ್ಯಾಗ ಇಟ್ಟೇನ್ರಿ" ಅಂದರು. ಕಪಾಟು ಹನ್ನೊಂದು.

ಕೌಂಟರನ್ನೇ ಹಿಡಿದು ಹುಡುಕಿದೆ. ಮೊದಲು ಅಂಗಳದಲ್ಲಿಟ್ಟು ಹಿನ್ನೆಲೆ ಎಣಿಕೆ, ಅಂದರೆ ಬಿಲ್ಲೆ ಹತ್ತಿರ ಇಲ್ಲದಾಗಲೂ ಬರುವ ಎಣಿಕೆ, ತೆಗೆದುಕೊಂಡೆ: ನಿಮಿಷಕ್ಕೆ ಸುಮಾರು 30. ಇಷ್ಟು ಸಣ್ಣ ಬಿಲ್ಲೆ ಒಂದು ಮಾರು ದೂರದಿಂದ ಗೊತ್ತೇ ಆಗುವುದಿಲ್ಲ. ಹಾಗಾಗಿ ಅವಸರ ಮಾಡದೆ ಪ್ರತಿ ಖಾನೆಗೂ ಕೌಂಟರಿನ ಟ್ಯೂಬನ್ನು ಹತ್ತಿರ ಒಯ್ದು ಎರಡೆರಡು ನಿಮಿಷ ಹಿಡಿದೆ. ಎರಡನೇ ದಿನ ಮಧ್ಯಾಹ್ನ, ಸ್ಪೆಕ್ಟ್ರೋಮೀಟರಿನ ಮರದ ಪೆಟ್ಟಿಗೆಯಿಂದ ಗೇಣು ದೂರದಲ್ಲಿ ಎಣಿಕೆ ದುಪ್ಪಟ್ಟಾಯಿತು. ಇನ್ನೂ ಹತ್ತಿರ ಒಯ್ದರೆ ನೂರು ದಾಟಿತು. ಪೆಟ್ಟಿಗೆಯ ಮೇಲೆ ನಾನೇ ಸುಣ್ಣದ ಕಡ್ಡಿಯಿಂದ 'ಹರಾಜು' ಎಂದು ಬರೆದಿದ್ದೆ. ಮುಚ್ಚಳ ತೆಗೆದರೆ ಮಖಮಲ್ಲಿನ ಮೂಲೆಯಲ್ಲಿ ಬಿಲ್ಲೆ. ಮೇಲಿನ ಚೀಟಿ ಮಾಸಿ 'ಸೀ' ಅನ್ನುವ ಅಕ್ಷರವೂ ಕಾಣುತ್ತಿರಲಿಲ್ಲ. ಚಿಮಟದಲ್ಲಿ ಎತ್ತಿ ಸೀಸದ ಡಬ್ಬಿಗೆ ಹಾಕಿದೆ.

ಆ ಹೊತ್ತು ನನಗೆ ನೆನಪಾದದ್ದು ದೆಹಲಿಯ ಮಾಯಾಪುರಿ. 1985ರಿಂದ ಬಳಸದೇ ಬಿದ್ದಿದ್ದ, ಒಳಗೆ ಕೋಬಾಲ್ಟ್-60 ಇದ್ದ ಗಾಮಾ ವಿಕಿರಣದ ಯಂತ್ರವನ್ನು ದೆಹಲಿ ವಿಶ್ವವಿದ್ಯಾಲಯ 2010ರಲ್ಲಿ ಹರಾಜು ಹಾಕಿತು. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು, ಕೋಬಾಲ್ಟ್ ಹೊರಬಿತ್ತು, ಒಬ್ಬ ಕೆಲಸಗಾರ ಸತ್ತ. ನಮ್ಮ ಬಿಲ್ಲೆ ಅದರ ಮುಂದೆ ಏನೂ ಅಲ್ಲ, ಯಾರ ಪ್ರಾಣವನ್ನೂ ತೆಗೆಯುತ್ತಿರಲಿಲ್ಲ. ಆದರೆ ಎರಡೂ ಕಡೆ ನಡೆದ ತಪ್ಪು ಒಂದೇ: ಒಳಗೇನಿದೆ ಎಂದು ಬಲ್ಲವರು ನಿವೃತ್ತರಾದರು, ವಸ್ತು ಉಳಿಯಿತು.

ಮುಂದಿನದು ಪತ್ರ ವ್ಯವಹಾರ. ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬಿಲ್ಲೆವಾರು ವಿವರ ಬರೆದೆ: ಐಸೋಟೋಪು (ಒಳಗಿನ ವಿಕಿರಣ ವಸ್ತು ಯಾವುದು), ತಂದ ವರ್ಷ, ಆಗಿನ ಬಲ, ಈಗಿನ ಬಲ. ಕೊಟ್ಟ ಸಂಸ್ಥೆಗೂ ವಾಪಸ್ ತೆಗೆದುಕೊಳ್ಳಲು ಕೇಳಿದೆ. ಹಳೇ ಬಿಲ್ ಸಿಕ್ಕಿದ್ದರಿಂದ ಒಪ್ಪಿದರು. ಬಿಲ್ ಹುಡುಕಲು ಬಿಲ್ಲೆ ಹುಡುಕಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಪ್ಪಿಗೆ ಬರುವ ತನಕ ಡಬ್ಬಿಗೆ ಬೀಗ, ಕೀಲಿ ಇಬ್ಬರ ಹತ್ತಿರ, ಪ್ರತಿ ಸೋಮವಾರ ಎಣಿಸಿ ಸಹಿ.

ಬಿಲ್ಲೆಗಳು ಹೋದ ದಿನ ರಸೀದಿಯನ್ನು ರಿಜಿಸ್ಟರಿನ ಅದೇ ಸಾಲಿನ ಪಕ್ಕ ಅಂಟಿಸಿದೆ. ಖಾಲಿ ಡಬ್ಬಿಯನ್ನು ಕೌಂಟರಿನ ಮುಂದಿಟ್ಟು ಹತ್ತು ನಿಮಿಷ ಎಣಿಸಿದೆ, ಮತ್ತೆ ಅದೇ ಮೂವತ್ತರ ಆಸುಪಾಸು. ಆಮೇಲೆ ಅದರ ಮೇಲಿನ ವಿಕಿರಣದ ಗುರುತನ್ನು ಕೆರೆದು ತೆಗೆದು, ಗುಜರಿ ಸಾಲಿನಲ್ಲಿಟ್ಟೆ.