ಗುಡ್ಡೆಯ ಕಾವಲಿಗೆ ಹಗುರ ಟಾರ್ಪಾಲು

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ. ಅಡಿಕೆ ತೋಟ ಮನೆಯ ಕೆಳಗೇ ಇದೆ. ಆದರೆ ಮರಗೆಣಸು, ಬಾಳೆ ಹಾಕಿದ ಜಾಗ ಗುಡ್ಡೆಯ ಆಚೆ. ಮುಕ್ಕಾಲು ಗಂಟೆ ಏರುದಾರಿ, ಜೀಪು ಹೋಗುವುದಿಲ್ಲ. ಗೆಣಸು ಬಲಿಯುವ ಹೊತ್ತಿಗೆ ಹಂದಿ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟರೂ ಸಾಲಿಗೆ ಸಾಲೇ ಬುಡಮೇಲು. ಹಾಗಾಗಿ ವಾರಕ್ಕೆ ಎರಡು ಮೂರು ರಾತ್ರಿ ನಾನೂ ಭಾವನೂ ಅಲ್ಲೇ ಕಾವಲು ಮಲಗುತ್ತೇವೆ.

ಬೇಟೆ ನಮ್ಮ ಕೆಲಸ ಅಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡುವುದೂ ಇಲ್ಲ. ಬೆಳೆ ಹಾಳು ಮಾಡುವ ಹಂದಿಗೆ ಗುಂಡು ಹಾರಿಸಲು ಅನುಮತಿ ಕೊಡುವ ಅಧಿಕಾರ ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರಿಗೂ ಇದೆ. ಅದು ಲೈಸೆನ್ಸ್ ಕೋವಿ ಇರುವವರಿಗೆ. ನಮ್ಮ ಹತ್ತಿರ ಇರುವುದು ಟಾರ್ಚು, ತಗಡಿನ ಡಬ್ಬ ಅಷ್ಟೇ.

ಅಪ್ಪನ ಕಾಲದಲ್ಲಿ ತೆಂಗಿನ ಮಡಲು ಹೊದೆಸಿದ ಗುಡಿಸಲು ಇತ್ತು. ಪ್ರತಿ ವರ್ಷ ಹೊಸದು ಕಟ್ಟಬೇಕು. ಈಗ ಅಷ್ಟು ಜನ ಸಿಗುವುದಿಲ್ಲ. ಟೆಂಟ್ ಕೂಡ ನೋಡಿದೆವು. ಒಳಗೆ ಮಲಗಿದರೆ ಹಂದಿ ಬಂದದ್ದು ಕಾಣುವುದಿಲ್ಲ, ಏಳಬೇಕಾದರೆ ಮೊದಲು ಜಿಪ್ ಹುಡುಕಬೇಕು. ಕಾವಲಿಗೆ ಸುತ್ತ ತೆರೆದಿರುವ ಟಾರ್ಪಾಲೇ ಸರಿ.

ಮೊದಲ ವರ್ಷ ಅಂಗಳದಲ್ಲಿ ಅಡಿಕೆಗೆ ಮುಚ್ಚುವ ಸಿಲ್ಪಾಲಿನ್, ಅಂದರೆ ದಪ್ಪ ಪ್ಲಾಸ್ಟಿಕ್ ಟಾರ್ಪಾಲು, ಹೊತ್ತುಕೊಂಡು ಹೋದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ, 120 ಜಿಎಸ್ಎಂ. ಲೆಕ್ಕ ಸುಲಭ: ಹನ್ನೆರಡು ಚದರ ಮೀಟರ್, ಒಂದೊಂದಕ್ಕೆ 120 ಗ್ರಾಂ, ಒಟ್ಟು ಒಂದೂವರೆ ಕಿಲೋ ಹತ್ತಿರ. ನೀರು, ಬುತ್ತಿ, ಕಂಬಳಿಯ ಮೇಲೆ ಇದೂ ಸೇರಿದರೆ ಏರಿನಲ್ಲಿ ಹೆಗಲು ಮಾತಾಡುತ್ತದೆ. ಮರು ವರ್ಷ ಅದನ್ನೇ ಅರ್ಧಕ್ಕೆ ಕತ್ತರಿಸಿದೆ. ತೂಕವೇನೋ ಇಳಿಯಿತು. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಮಳೆಗೆ ಇಬ್ಬರದೂ ಕಂಬಳಿ ಪೂರ್ತಿ ಒದ್ದೆ. ಮಳೆ ನೇರ ಮೇಲಿನಿಂದ ಬೀಳುವುದಿಲ್ಲ ಅಲ್ವಾ. ಓರೆಯಾಗಿ ಹೊಡೆಯುತ್ತದೆ, ನೆಲಕ್ಕೆ ಬಿದ್ದು ಕೆಸರಿನ ಜೊತೆ ಮೇಲೆ ಹಾರುತ್ತದೆ. ಎಲ್ಲ ಕಡೆಯಿಂದಲೂ ಎರಡು ಅಡಿ ಒಳಗೆ ಬಂದರೆ ಮಾತ್ರ ಒಣ ಜಾಗ. ಅವತ್ತೇ ತೀರ್ಮಾನ ಮಾಡಿದೆ: ತೂಕ ಇಳಿಸಬೇಕಾದರೆ ಬಟ್ಟೆ ಬದಲಾಯಿಸಬೇಕು, ಉದ್ದಗಲಕ್ಕೆ ಕೈ ಹಾಕಬಾರದು. ಇಬ್ಬರಿಗೆ ಮೂರು ಮೀಟರ್ ಚೌಕಕ್ಕಿಂತ ಚಿಕ್ಕದು ಬೇಡ.

ಹಗುರ ಬಟ್ಟೆಯಲ್ಲಿ ಎರಡು ಬಗೆ ನೋಡಿದೆ. ಒಂದು ಸಿಲಿಕಾನ್ ಹಚ್ಚಿದ ನೈಲಾನ್. ಈ ಅಳತೆಗೆ ಅರ್ಧ ಕಿಲೋ ಆಸುಪಾಸು, ಹರಿಯುವುದು ಕಷ್ಟ. ಆದರೆ ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿಗೆ ಜೋತು ಬಿದ್ದಿರುತ್ತದೆ. ಗೆಳೆಯನ ಹತ್ತಿರ ಇದ್ದದ್ದನ್ನು ಎರಡು ರಾತ್ರಿ ಕಟ್ಟಿ ನೋಡಿದೆ, ಎದ್ದೆದ್ದು ಬಿಗಿ ಮಾಡಿಯೇ ಬೆಳಗಾಯಿತು. ಸಿಲಿಕಾನ್ ಹಚ್ಚಿದ ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ನಾನು ಅದನ್ನೇ ತೆಗೆದುಕೊಂಡೆ. ಪಾಲಿಯುರೆಥೇನ್ ಲೇಪದ್ದು ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಆದರೆ ನಮ್ಮ ಊರಿನ ತೇವದಲ್ಲಿ ಮಡಚಿಟ್ಟರೆ ಕೆಲವು ವರ್ಷಕ್ಕೆ ಲೇಪ ಅಂಟಂಟಾಗಿ ಕಿತ್ತು ಬರುತ್ತದೆ.

ಬಟ್ಟೆಯಷ್ಟೇ ಮುಖ್ಯ ಕಟ್ಟುವ ಕುಣಿಕೆಗಳು. ನಮ್ಮದು ಮುರಕಲ್ಲಿನ ಗುಡ್ಡೆ. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಕಲ್ಲು. ಗೂಟ ಇಳಿಯುವುದೇ ಇಲ್ಲ. ಮರಕ್ಕೆ, ಗೇರಿನ ಬುಡಕ್ಕೆ, ದೊಡ್ಡ ಕಲ್ಲಿಗೆ ಬಳ್ಳಿ (ಹಗ್ಗ) ಕಟ್ಟಬೇಕು. ಮೂಲೆಗೆ ನಾಲ್ಕೇ ಕುಣಿಕೆ ಇದ್ದರೆ ಬೇಕಾದ ಕಡೆ ಕಲ್ಲು ಇರುವುದಿಲ್ಲ. ನನ್ನದರಲ್ಲಿ ಹದಿನಾರು ಇವೆ, ಒಂದೂ ಜಾಸ್ತಿ ಅನ್ನಿಸಿಲ್ಲ. ಆದರೂ ಬೇಕಾದಲ್ಲಿ ಕುಣಿಕೆ ಸಿಗದಿದ್ದರೆ ಒಂದು ಒಣಗಿದ ಅಡಿಕೆ ಸಾಕು. ಟಾರ್ಪಾಲಿನ ಒಳಬದಿಗೆ ಅಡಿಕೆ ಇಟ್ಟು, ಹೊರಗಿನಿಂದ ಬಟ್ಟೆ ಸಮೇತ ಹಿಡಿದು, ಅದರ ಕುತ್ತಿಗೆಗೆ ಬಳ್ಳಿ ಸುತ್ತಿ ಬಿಗಿಯಬೇಕು. ಎಳೆದಷ್ಟೂ ಗಟ್ಟಿ. ಬಟ್ಟೆಗೆ ತೂತು ಬೀಳುವುದಿಲ್ಲ. ಸಿಲ್ಪಾಲಿನಿನ ಲೋಹದ ಕಣ್ಣು ಕಿತ್ತು ಹೋದಾಗ ಭಾವ ತೋರಿಸಿಕೊಟ್ಟ ಉಪಾಯ ಇದು.

ಕಟ್ಟುವಾಗ ಗಾಳಿಯ ಕಡೆಯ ಅಂಚು ನೆಲಕ್ಕೆ ತಾಗುವಷ್ಟು ಕೆಳಗಿರಲಿ. ಜೂನ್ ಮಳೆ ಪಡುವಣ ಸಮುದ್ರದ ಕಡೆಯಿಂದ ಬರುತ್ತದೆ, ತುಲಾ ಮಳೆ ಹೆಚ್ಚಾಗಿ ಮೂಡಣ ಘಟ್ಟದ ಕಡೆಯಿಂದ. ಇದನ್ನು ಮರೆತು ಕಟ್ಟಿದರೆ ಟಾರ್ಪಾಲು ಗೋಣಿಚೀಲದ ಹಾಗೆ ಗಾಳಿ ತುಂಬಿಕೊಳ್ಳುತ್ತದೆ. ಮರದಿಂದ ಮರಕ್ಕೆ ಎಳೆದು ಟಾರ್ಪಾಲು ಹೊದೆಸುವ ನಡು ಬಳ್ಳಿಗೆ ಎರಡೂ ಕಡೆ ಟಾರ್ಪಾಲಿನ ಹೊರಗೆ ಒಂದೊಂದು ಬಟ್ಟೆ ಚೂರು ಕಟ್ಟುತ್ತೇನೆ. ಮರದಿಂದ ಬಳ್ಳಿ ಹಿಡಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಇಳಿಯುತ್ತದೆ, ಒಳಗೆ ಬರುವುದಿಲ್ಲ. ತೆಂಗಿನ ಮರದಡಿ ಮಾತ್ರ ಕಟ್ಟಲೇಬೇಡಿ. ಬೇರೆ ಕಡೆಯೂ ತಲೆ ಮೇಲೆ ಒಣ ಕೊಂಬೆ ಇದೆಯಾ ಅಂತ ಬೆಳಕಿರುವಾಗಲೇ ನೋಡಿಕೊಳ್ಳಿ. ಬೆಂಕಿ ಹಾಕಿದರೆ ದೂರ. ಒಂದು ಕಿಡಿ ಬಿದ್ದರೂ ಈ ಬಟ್ಟೆ ಕರಗಿ ತೂತಾಗುತ್ತದೆ.

ಗುಡುಗು ಸಿಡಿಲು ಶುರುವಾದರೆ ನಾವು ಕೂರುವುದಿಲ್ಲ. ಯಾವ ಟಾರ್ಪಾಲೂ ಅದಕ್ಕೆ ಆಗುವುದಿಲ್ಲ. ತುಲಾ ತಿಂಗಳಲ್ಲಿ ಮಧ್ಯಾಹ್ನವೇ ಘಟ್ಟದ ಕಡೆ ಕಪ್ಪಾಗಿದ್ದರೆ ಆ ದಿನ ಹೊರಡುವುದೇ ಇಲ್ಲ. ಗೆಣಸು ಹೋದರೆ ಹೋಗಲಿ ಅಂತ ಅಮ್ಮ ಮೊದಲೇ ಹೇಳಿಟ್ಟಿದ್ದಾರೆ.