ಮೂವರ ನಾಟಕಕ್ಕೆ ತಾಲೀಮು ನಡೆಸುವುದು ಹೇಗೆ?

ಮೂರೇ ಪಾತ್ರಗಳ ನಾಟಕವನ್ನು ಕೈಗೆತ್ತಿಕೊಳ್ಳುವ ಹವ್ಯಾಸಿ ತಂಡಗಳು, ಜನ ಕಡಿಮೆಯಿದ್ದಷ್ಟೂ ಕೆಲಸ ಹಗುರವೆಂದು ಲೆಕ್ಕ ಹಾಕುವುದುಂಟು. ಆ ಲೆಕ್ಕ ಮೊದಲ ವಾರದಲ್ಲೇ ತಪ್ಪುತ್ತದೆ. ಇಪ್ಪತ್ತು ಜನರ ತಂಡದಲ್ಲಿ ಒಬ್ಬರು ಬಾರದಿದ್ದರೆ ಬೇರೊಂದು ದೃಶ್ಯವನ್ನು ಎತ್ತಿಕೊಳ್ಳಬಹುದು. ಮೂವರಲ್ಲಿ ಒಬ್ಬರು ತಪ್ಪಿಸಿಕೊಂಡರೆ ಉಳಿದಿಬ್ಬರು ಸಂಜೆಯೆಲ್ಲ ಖಾಲಿ ಕುರ್ಚಿಯೊಂದಿಗೆ ಮಾತನಾಡಬೇಕಾಗುತ್ತದೆ. ಹೀಗಾಗಿ ಪಾತ್ರ ಹಂಚುವ ಮುನ್ನವೇ ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸಿ, ಎಲ್ಲರ ಬಿಡುವನ್ನೂ ಕೇಳಿ ವೇಳಾಪಟ್ಟಿ ಬರೆದಿಡಬೇಕು. ಹಗಲಿನಲ್ಲಿ ಉದ್ಯೋಗಕ್ಕೆ ಹೋಗುವ ಕಲಾವಿದರು 90 ನಿಮಿಷದ ನಾಟಕ ಕಟ್ಟಲು, ವಾರಕ್ಕೆ 3 ಸಂಜೆ, ದಿನಕ್ಕೆ ಎರಡೂವರೆ ಗಂಟೆಯಂತೆ 7ರಿಂದ 8 ವಾರ ಇಟ್ಟುಕೊಳ್ಳುವುದು ಲೇಸು.

ಮೊದಲ ಮೂರು ನಾಲ್ಕು ದಿನ ಕುಳಿತೇ ಓದಿ. ಈ ಹಂತದಲ್ಲಿ ಯಾರೂ ಅಭಿನಯಿಸಬಾರದು, ಏಕೆಂದರೆ ಆತುರದಲ್ಲಿ ಹಿಡಿದ ರಾಗ ಕೊನೆಯವರೆಗೂ ನಾಲಿಗೆಯನ್ನು ಬಿಡುವುದಿಲ್ಲ. ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಾಟಕವನ್ನು ಸಣ್ಣ ತುಣುಕುಗಳಾಗಿ ಒಡೆದು, ಪ್ರತಿಯೊಂದರಲ್ಲೂ ಪಾತ್ರಕ್ಕೆ ಬೇಕಾಗಿರುವುದೇನು ಎಂದು ಕೇಳುವ ಕ್ರಮವನ್ನು ರೂಢಿಸಿದರು. ಪಾತ್ರಗಳು ಕಡಿಮೆಯಿದ್ದಾಗ ಈ ಕ್ರಮ ಬಹಳ ಉಪಯೋಗಕ್ಕೆ ಬರುತ್ತದೆ: ಇಡೀ ಸಂಜೆ ಮಾತೇ ಆಡುತ್ತಿರುವ ಮೂವರ ನಡುವೆ ಏನು ಬದಲಾಯಿತು ಎಂಬುದನ್ನು ಪ್ರೇಕ್ಷಕರಿಗೆ ತಿಳಿಸಲು ಬೇರೆ ಯಾರೂ ರಂಗಕ್ಕೆ ಬರುವುದಿಲ್ಲ.

ಬಳಿಕ ತಾಲೀಮಿನ ಕೋಣೆಯ ನೆಲದ ಮೇಲೆ, ರಂಗದ ನಿಜವಾದ ಅಳತೆಗೆ ಬಣ್ಣದ ಟೇಪು ಅಂಟಿಸಿ ಬಾಗಿಲು, ಮೇಜು, ಕಿಟಕಿಗಳನ್ನು ಗುರುತಿಸಬೇಕು. ಚಲನೆಗಳನ್ನು ನಾಟಕದ ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲೇ ಬರೆದುಕೊಳ್ಳಿ. ಅವು ಬದಲಾಗದೆ ಉಳಿಯುವುದಿಲ್ಲ. ಎಡ-ಬಲಗಳನ್ನು ಪ್ರೇಕ್ಷಕರತ್ತ ಮುಖ ಮಾಡಿದ ನಟನ ಎಡ-ಬಲವೆಂದೇ ಎಣಿಸಬೇಕು. ಮೂವರು ಒಂದೇ ಸಾಲಿನಲ್ಲಿ ನಿಂತರೆ ಚಿತ್ರ ಚಪ್ಪಟೆಯಾಗುತ್ತದೆ, ತ್ರಿಕೋನದಲ್ಲಿ ನಿಂತರೆ ಯಾರು ಯಾರ ಪಕ್ಷವೆಂಬುದು ಮಾತಿಲ್ಲದೆಯೇ ಕಾಣುತ್ತದೆ. ಕಾರಣವಿಲ್ಲದ ನಡಿಗೆಯನ್ನು ಮಾತ್ರ ತುಂಬಬೇಡಿ.

ನಾಲ್ಕನೆಯ ವಾರದ ಹೊತ್ತಿಗೆ ಮಾತುಗಳು ಬಾಯಿಪಾಠವಾಗಿ, ನಾಟಕದ ಪ್ರತಿ ಕೈಯಿಂದ ಇಳಿಯಬೇಕು. ಇಂಥ ನಾಟಕಗಳಿಗೇ ವಿಶೇಷವಾಗಿ ಕಾಡುವ ಅಪಾಯ ಆಗ ಎದುರಾಗುತ್ತದೆ. ‘ಹಾಗಾದರೆ ನೀನು ಹೋಗುತ್ತೀಯಾ?’ ಎಂಬ ಸಾಲು 8ನೇ ಪುಟದಲ್ಲೂ 31ನೇ ಪುಟದಲ್ಲೂ ಇದೆಯೆನ್ನಿ. ಮೊದಲ ಸಲ ಕೇಳಿದಾಗಲೇ ಎದುರಿನವರು 31ನೇ ಪುಟದ ಉತ್ತರ ಕೊಟ್ಟರೆ, ನಡುವಿನ ಅಷ್ಟೂ ಪುಟಗಳು ಒಂದೇ ಉಸಿರಿನಲ್ಲಿ ಮಾಯವಾಗುತ್ತವೆ. ನಾನು ನಿರ್ದೇಶಿಸಿದ ಇಬ್ಬರ ನಾಟಕವೊಂದರಲ್ಲಿ ಹೀಗೆಯೇ ಆಯಿತು. ಮೇಜಿನ ಖಾನೆಯ ಪತ್ರ ಹೊರಬರುವ ಮೊದಲೇ ಅದನ್ನು ಹರಿದುಹಾಕುವ ಮಾತು ಬಂದುಬಿಟ್ಟಿತು. ನಟಿ ಬರಿಗೈ ನೋಡಿಕೊಂಡು ನಿಂತರು. ತಪ್ಪು ನನ್ನದು, ಇಬ್ಬರಿಗೂ ಅವರವರ ಸಾಲುಗಳನ್ನಷ್ಟೇ ಕಲಿಸಿದ್ದೆ.

ಅಂದಿನಿಂದ ಒಂದೇ ಬಗೆಯ ಸಾಲುಗಳನ್ನೆಲ್ಲ ಹುಡುಕಿ ಕೆಂಪು ಗೆರೆ ಎಳೆಸುತ್ತೇನೆ, ಸಾಧ್ಯವಿದ್ದಲ್ಲಿ ಎರಡಕ್ಕೂ ಬೇರೆ ಬೇರೆ ಚಲನೆಯನ್ನು ಜೋಡಿಸುತ್ತೇನೆ, ವಾರಕ್ಕೊಮ್ಮೆ ಪಾತ್ರಗಳನ್ನು ಅದಲುಬದಲು ಮಾಡಿ ಆಡಿಸುತ್ತೇನೆ. ಕೊಂಡಿ ಕಳಚಿದರೆ ಮತ್ತೆ ಹಿಡಿಯಬಹುದಾದ ಎಂಟು ಹತ್ತು ತಾಣಗಳನ್ನೂ ಮೊದಲೇ ಒಪ್ಪಿಕೊಂಡಿರುತ್ತೇವೆ. ತಾಲೀಮಿನಲ್ಲಿ ಮರೆತವರು ‘ಛೆ, ಕ್ಷಮಿಸಿ’ ಎಂದು ಪಾತ್ರದಿಂದ ಹೊರಬರದೆ, ‘ಸಾಲು’ ಎಂದಷ್ಟೇ ಕೇಳಿ ಮುಂದುವರಿಯಬೇಕು. ಕೊನೆಯ ಹತ್ತು ದಿನ ಅದೂ ಬೇಡ. ಮರೆತ ಸಾಲನ್ನು ಹೇಳಿಕೊಡುವ ಸೂಚಕರು ಸುಮ್ಮನಿರಲಿ, ಎದುರಿನವರೇ ದಾರಿ ತೋರಿಸಲಿ.

ಪರಿಕರಗಳ ವಿಷಯದಲ್ಲಿ ಜಿಪುಣತನ ಬೇಡ. ಪತ್ರವೆಂದರೆ ಖಾಲಿ ಹಾಳೆಯಲ್ಲ. ಅದರಲ್ಲಿ ಬರಹವಿರಬೇಕು, ಮಡಿಕೆಯೂ ಇರಬೇಕು. ಉಡುಪಿನಲ್ಲಿ ಬಹುಪಾಲು ನಂತರ ಬಂದರೂ ನಡೆಯುತ್ತದೆ, ಆದರೆ ನಡಿಗೆಯನ್ನು ಬದಲಿಸುವ ಚಪ್ಪಲಿ ಮಾತ್ರ ಎರಡನೇ ವಾರಕ್ಕೇ ಬರಲಿ.

ಕಡೆಯ ವಾರದಲ್ಲಿ ಒಂದು ದಿನ ಬೆಳಕು ಮತ್ತು ಧ್ವನಿಗೆ ಮೀಸಲು. ಆ ದಿನ ಸಂಭಾಷಣೆಯನ್ನು ಪೂರ್ತಿ ಆಡದೆ, ಬೆಳಕು ಅಥವಾ ಧ್ವನಿ ಬದಲಾಗುವ ಒಂದು ಸೂಚನೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗಬೇಕು. ನಂತರದ ಗ್ರ್ಯಾಂಡ್ ರಿಹರ್ಸಲ್‌ಗಳನ್ನು, ಅಂದರೆ ಪ್ರದರ್ಶನದಂತೆಯೇ ನಡೆಸುವ ಪೂರ್ಣ ತಾಲೀಮುಗಳನ್ನು, ಏನೇ ಆದರೂ ನಿಲ್ಲಿಸಬಾರದು. ತಪ್ಪುಗಳನ್ನು ನಿರ್ದೇಶಕರು ಬರೆದುಕೊಂಡು, ಮುಗಿದ ಮೇಲೆ ಚುಟುಕಾಗಿ ಹೇಳಿದರೆ ಸಾಕು. ಪ್ರದರ್ಶನದ ದಿನ, ಸಭಾಂಗಣದ ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು, ರಂಗನಿರ್ವಾಹಕರು ಪಟ್ಟಿ ಹಿಡಿದು ಪರಿಕರಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಪತ್ರ ಖಾನೆಯಲ್ಲಿದೆಯೇ ಎಂಬುದನ್ನು ಅದನ್ನು ತೆಗೆಯಬೇಕಾದ ನಟಿಯೂ ಒಮ್ಮೆ ಎಳೆದು ನೋಡಲಿ.